ಹುಣಸೆ ಬೀಜದ ಗುರಾಣಿ

“ಚಿರತೆ ಮೇಲೆ ಹಾರೇಬಿಡ್ತು ಕಣ್ರೀ! ಎಪ್ಪತ್ನಾಲ್ಕನೇ ಇಸ್ವಿ. ಜೇಬಿಂದ ಉಗ್ರಪ್ಪಣ್ಣನ ಗುರಾಣಿ ತೆಗೆದು ಅಡ್ಡ ಹಿಡ್ದೆ. ಹುಣಸೆ ಬೀಜದ ಗುರಾಣಿ! ಅದಕ್ಕಂಟ್ಸಿದ್ದ ರಾಗಿ ಕಾಳಿಗೆ ತಗ್ಲಿ ಚಿರತೆ ಉಗುರೇ ಮುರಿದ್ಹೋಯ್ತು!”

ಚಟ್ಟಕ್ಕೆ ಬಿದಿರು ಸೀಳುತ್ತಿದ್ದ ಪಕ್ಕದ ಮನೆಯ ದೇವೀರಪ್ಪ ಕತ್ತಿ ಕೆಳಗಿಟ್ಟು ಹಣೆಯ ಹಳೇ ಗಾಯದ ಗುರುತನ್ನು ತೋರಿಸಿದ.

“ಉಗುರು ಮುರಿದ್ಮೇಲೆ ಹಣೆ ಹೆಂಗ್ಲಾ ಸೀಳ್ತು?” ಎಂದ ಬೀರಯ್ಯ. ಸತ್ತವನ ಸೋದರಮಾವ ಅವನು.

“ಮುರಿಯೋಕ್ ಮುಂಚೆ, ಮಾವ. ತರೀಕೆರೆ ಕಾಡಿನ ಚಿರತೆ ಅಂದ್ರೆ ಸುಮ್ನೇನಾ?”

ಅಂಗಳದ ಜನ ಸಾವಿನ ಮನೆಯೆಂಬುದನ್ನೂ ಮರೆತು ನಕ್ಕರು. ಒಳಗೆ ಚಾಪೆಯ ಮೇಲಿದ್ದ ಉಗ್ರಪ್ಪ ಮಾತ್ರ ನಗಲಿಲ್ಲ. ಬದುಕಿದ್ದಾಗಲೂ ನಕ್ಕವನಲ್ಲ. ಅವನು ಅಜ್ಜಂಪುರದಲ್ಲಿ ಗದರಿದರೆ ಕಡೂರು ಸ್ಟೇಷನ್ನಿನಲ್ಲಿ ರೈಲು ತಾನಾಗಿ ಬ್ರೇಕು ಹಾಕಿಕೊಳ್ಳುತ್ತಿತ್ತು! ಎತ್ತಿನ ಗಾಡಿಗೆ ಬಣ್ಣ ಬಳಿಯುವುದು ಅವನ ಕಸುಬು. ನವರಾತ್ರಿಯ ಗೊಂಬೆ ಸಿಪಾಯಿಗಳಿಗೆ ಗುರಾಣಿ ಮಾಡುವುದು ಅವನ ಹುಚ್ಚು. ಹುಣಸೆ ಬೀಜಕ್ಕೆ ಕೆಂಪು ಬಳಿದು, ಜಾಲಿ ಅಂಟಿನಲ್ಲಿ ಸುತ್ತಲೂ ರಾಗಿ ಕೂರಿಸಿ, ನಟ್ಟನಡುವೆ ಒಂದೇ ಒಂದು ಸಾಸಿವೆ. ಅವನ್ನು ಬಸ್ಸಿನಲ್ಲಿ ಕಡೂರು, ತರೀಕೆರೆಯ ಗೊಂಬೆ ಕೂರಿಸುವ ಮನೆಗಳಿಗೆ ಒಯ್ದು, “ಅರ್ಧ ಕೆಲಸ ನಂದೇ” ಎಂದು ಹೇಳಿ ಕಾಫಿ ಕುಡಿದು ಬರುತ್ತಿದ್ದವನು ದೇವೀರಪ್ಪ.

“ನಗ್ರಿ, ಚೆನ್ನಾಗ್ ನಗ್ರಿ!” ಉಗ್ರಪ್ಪನ ಹೆಂಡತಿ ದುರ್ಗಮ್ಮ ಹೊಸಿಲಿಗೆ ಬಂದು ನಿಂತಿದ್ದಳು. “ಆವಯ್ಯನ ಮುಷ್ಟಿ ಬಿಚ್ತಿಲ್ಲ, ನಿಮಗೆ ಚಿರತೆ ಕತೆ!”

ಕೈಗೆ ವೀಳ್ಯ ಇಡದೆ ಹೆಣ ಎತ್ತುವಂತಿರಲಿಲ್ಲ. ಬೀರಯ್ಯ ಬಿಸಿನೀರಿನ ಬಟ್ಟೆ ಸುತ್ತಿ, ಒಂದೊಂದೇ ಬೆರಳು ಬಿಡಿಸಿದ. ಅಂಗೈಯಲ್ಲೊಂದು ಗುರಾಣಿ. ಸುತ್ತಲಿನ ರಾಗಿ ಸಾಲು ನೆಟ್ಟಗಿತ್ತು. ನಡುವೆ ಸಾಸಿವೆ ಇರಲಿಲ್ಲ.

“ನಿನ್ನೆ ಉಣ್ಣಾಕ್ ಬಾ ಅಂದೆ. ‘ಇನ್ನೊಂದ್ ಕಾಳು ಉಳ್ದೈತೆ, ಸುಮ್ಕಿರೇ’ ಅಂತ ಗದರಿದ. ಅದೇ ಕೊನೇ ಮಾತು,” ಎಂದಳು ದುರ್ಗಮ್ಮ. ಕಣ್ಣಲ್ಲಿ ನೀರಿರಲಿಲ್ಲ, ಕೆಂಡವಿತ್ತು.

“ತೆಗೆದಿಟ್ಟು ವೀಳ್ಯ ಇಡವ್ವ,” ಎಂದ ಬೀರಯ್ಯ.

“ಇಡಲ್ಲ! ಅರ್ಧಕ್ಕೆ ಕಳ್ಸಿದ್ರೆ ಗುಂಡಿಯಿಂದ ಎದ್ದು ಬಂದು ಬೈತಾನೆ. ಇದು ಮುಗೀದೆ ಯಾರೂ ಚಟ್ಟ ಎತ್ಬೇಡಿ.”

*

ಮದುವೆಯಾದ ಹೊಸದರಲ್ಲಿ, ಗಂಡ ಹೊರಗೆ ಹೋದ ಹೊತ್ತು ನೋಡಿ, ದುರ್ಗಮ್ಮನೂ ಒಂದು ಗುರಾಣಿಗೆ ಸಾಸಿವೆ ಅಂಟಿಸಿದ್ದಳು. ಹಿಂತಿರುಗಿದ ಉಗ್ರಪ್ಪ ಅದನ್ನು ಬೆಳಕಿಗೆ ಹಿಡಿದ. ಕೂದಲೆಳೆಯಷ್ಟು ಓರೆ.

“ಯಾವಳೇ ಮುಟ್ಟಿದ್ದು? ಕುರುಡಿ!” ಎಂದು ತಿಪ್ಪೆಗೆ ಬೀಸಿದ.

ಅವಳು ಉಗುರು ಸವೆಯುವಂತೆ ತಿಪ್ಪೆ ಕೆದಕಿದ್ದನ್ನು ಜಗಲಿಯಲ್ಲಿದ್ದ ದೇವೀರಪ್ಪ ಕಣ್ಣಾರೆ ಕಂಡ. ಊರಿಗೆ ಮಾತ್ರ, ಆ ಗುರಾಣಿ ನುಂಗಿದ ಕೋಳಿ ದಸರಾ ಮುಗಿಯುವವರೆಗೂ ಕೆಂಪು ಮೊಟ್ಟೆಯಿಟ್ಟಿತೆಂದು ಸಾರಿದ. ಸಂತೆಯಲ್ಲಿ ಜನ ಅವಳನ್ನು ತಡೆದು ಮೊಟ್ಟೆ ಕೇಳಿ ನಗುತ್ತಿದ್ದರು. ಅವಳು ಮನೆಗೆ ಬಂದು ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವಾಗಲೆಲ್ಲ ಹಲ್ಲು ಕಡಿಯುತ್ತಿದ್ದಳು.

*

ಈಗ ಅವಳು ಅಂಟಿನ ಕರಟವನ್ನೂ ಸಾಸಿವೆಯನ್ನೂ ದೇವೀರಪ್ಪನ ಮುಂದೆ ಕುಕ್ಕಿದಳು.

“ಅರ್ಧ ಕೆಲಸ ನಿಂದಂತಲ್ಲ. ಅಂಟ್ಸು.”

ದೇವೀರಪ್ಪ ತೋಳು ಮಡಿಸಿದ, ಕೆಮ್ಮಿದ, ಬೆಳಕು ಸಾಲದೆಂದು ಜಾಗ ಬದಲಿಸಿದ. ಸಾಸಿವೆ ಎತ್ತಿಕೊಂಡರೆ ಜಾರಿತು. ಮತ್ತೆ ಎತ್ತಿದ, ಮತ್ತೆ ಜಾರಿತು. ಬಾಳೆಕಾಯಿಯಂಥ ಬೆರಳುಗಳ ನಡುವೆ ಕಾಳು ನಿಲ್ಲಲೇ ಇಲ್ಲ.

“ಏನಪ್ಪಾ, ಚಿರತೆ ಹೊಡೆದೋನೆ!” ಎಂದ ಬೀರಯ್ಯ.

“ಅಕ್ಕಾ... ನಂಗ್ ಬರಲ್ಲ.”

“ಏನಂದೆ?”

“ಒಂದ್ ಕಾಳೂ ಅಂಟ್ಸಿಲ್ಲ ನಾನು. ಅಣ್ಣ ಕೆಲಸಕ್ಕೆ ಕೂತಾಗ ಒಳಗ್ ಹೋಗಿದ್ದೇ ಒಂದ್ಸಲ. ಸೀನ್ಬಿಟ್ಟೆ. ಹರಡಿದ್ದ ರಾಗಿ, ಸಾಸಿವೆ ಎಲ್ಲಾ ಹಾರ್ಹೋಯ್ತು. ಅಣ್ಣ ಕೈಲಿದ್ದ ಮರದ ಸಿಪಾಯಿನ ನನ್ ಮೇಲೆ ಬೀಸಿದ.” ಹಣೆ ಸವರಿಕೊಂಡ. “ಚಿರತೆನೂ ಇಲ್ಲ, ಗಿರತೆನೂ ಇಲ್ಲ.”

ಈ ಸಲ ಯಾರೂ ನಗಲಿಲ್ಲ.

ದುರ್ಗಮ್ಮ ಗುರಾಣಿಯನ್ನು ಕಿತ್ತುಕೊಂಡಳು. ಬೆರಳ ತುದಿಗೆ ಅಂಟು ತಾಗಿಸಿ, ಒಂದು ಸಾಸಿವೆ ಎತ್ತಿ ಒತ್ತಿದಳು. ಓರೆಯಾಗಿ ಕೂತಿತು, ಕೂದಲೆಳೆಯಷ್ಟಲ್ಲ, ಬಾಗಿಲಲ್ಲಿ ನಿಂತವರಿಗೂ ಕಾಣುವಷ್ಟು. ಅದನ್ನು ಸರಿಪಡಿಸಲು ಹೋಗಲಿಲ್ಲ. ಗಂಡನ ಅಂಗೈಯಲ್ಲಿಟ್ಟು, ಅವನ ಮುಖದ ಹತ್ತಿರಕ್ಕೆ ಬಗ್ಗಿದಳು.

“ಈಗ ಎಸಿ, ನೋಡಾನ!”

ದೇವೀರಪ್ಪನ ಕೈ ತಾನಾಗಿ ಮೇಲೆದ್ದು ಹಣೆಗೆ ಅಡ್ಡ ಬಂತು.