ಹಲ್ಲುಕಡ್ಡಿಯ ಜಾಗ

"ಇನ್ನೊಂಚೂರು ಉಜ್ಜಿದ್ರೆ ಕೂತ್ಕೊಳ್ಳತ್ತೆ," ಎಂದು ತನ್ನಷ್ಟಕ್ಕೆ ಹೇಳಿಕೊಂಡು ಗಡಿಯಾರ ರಿಪೇರಿಯವನು ಅರವನ್ನು ಕೆಳಗಿಟ್ಟ. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದರೆ ಆ ಕಣ್ಣಿನಿಂದ ನೀರು ಇಳಿಯಿತು. ಬೆಳಗ್ಗೆಯಿಂದ ಅವನು ಒಂದು ಗಡಿಯಾರವನ್ನೂ ಮುಟ್ಟಿರಲಿಲ್ಲ. ಮುಂದಿದ್ದದ್ದು ಅಕ್ಕನ ಚಾಕು. ಎರಡು ಅಲಗು, ಕತ್ತರಿ, ಗರಗಸ, ಡಬ್ಬಿ ತೆರೆಯುವ ಕೊಕ್ಕೆ, ಎಲ್ಲವೂ ಒಂದೇ ಹಿಡಿಯೊಳಗೆ ಮಡಚಿಕೊಳ್ಳುವಂಥದು. ಮಾಡಿದ ಪುಣ್ಯಾತ್ಮ ಹಿಡಿಯ ಬದಿಯಲ್ಲಿ ಹಲ್ಲುಕಡ್ಡಿಗೂ ಒಂದು ಸಂದು ಬಿಟ್ಟಿದ್ದ. ಆ ಕಡ್ಡಿಯನ್ನು ಕಿತ್ತು, ಸಂದನ್ನು ಅಗಲಿಸಿ, ಅಲಗಿನ ಬೆನ್ನಿಗೆ ಕೆರೆದರೆ ಕಿಡಿ ಹಾರಿಸುವ ಲೋಹದ ಕಡ್ಡಿಯನ್ನು ಅಲ್ಲಿ ಕೂರಿಸಬೇಕಿತ್ತು.

ಅಕ್ಕನಿಗೆ ಬೆಟ್ಟದ ತುದಿಯ ಹವಾಮಾನ ಕೇಂದ್ರದಲ್ಲಿ ಕೆಲಸ. ಹದಿನೈದು ದಿನ ಮೇಲೆ ಒಬ್ಬಳೇ, ಹದಿನೈದು ದಿನ ಕೆಳಗೆ. ಹೋದ ಸಲ ಅಲ್ಲಿ ಮಂಜು ಕೋಣೆಯೊಳಗೇ ನುಗ್ಗಿ ಬೆಂಕಿಪೊಟ್ಟಣಗಳೆಲ್ಲ ಒದ್ದೆಯಾಗಿ, ಲೈಟರೂ ಕೈಕೊಟ್ಟು, ಕೊರೆಯುವ ಚಳಿಯಲ್ಲಿ ಎರಡು ದಿನ ಒಲೆ ಹತ್ತಿರಲಿಲ್ಲ. ಕೆಳಗೆ ಬಂದವಳು ಅದನ್ನು ನಗುನಗುತ್ತ ಹೇಳಿದ್ದಳು, ಎರಡು ದಿನ ತಣ್ಣನೆ ಊಟ ಎಂದಷ್ಟೇ. ಕೆಳಗಿನ ಆಫೀಸಿನಲ್ಲಿ ಒಂದು ಕುರ್ಚಿ ಕೇಳಿಕೋ ಎಂದು ಹೇಳಿ ಹೇಳಿ ತಮ್ಮನ ಬಾಯಿ ಸವೆದಿತ್ತೇ ಹೊರತು ಅವಳ ಹಟ ಸವೆದಿರಲಿಲ್ಲ. ಈ ಸಲ ಅವನು ಅವಳ ಚಾಕುವನ್ನಷ್ಟೇ ಕೇಳಿ ತೆಗೆದುಕೊಂಡ. ಹೇಳುವುದಕ್ಕೂ ಸುಸ್ತಾಗಿತ್ತು.

ಮೂರು ಗಂಟೆಗೆ ಅಕ್ಕ ಚೀಲ ಹೆಗಲಿಗೇರಿಸಿಕೊಂಡೇ ಬಂದಳು. "ಆಯ್ತೇನೋ? ನಾಲ್ಕಕ್ಕೆ ಬಸ್ಸು."

"ನೋಡು," ಎಂದು ಅವನು ಚಾಕುವನ್ನು ಮುಂದಿಟ್ಟ. ಕಡ್ಡಿ ಹಿಡಿಯ ಸಮಕ್ಕೆ ಕೂತಿತ್ತು, ಕೂದಲೆಳೆಯಷ್ಟೂ ಹೊರಗೆ ಚಾಚಿರಲಿಲ್ಲ. ಅವನಿಗೆ ಒಳಗೊಳಗೇ ಹೆಮ್ಮೆ.

ಅಕ್ಕ ಅಲಗನ್ನು ಬಿಡಿಸಿ, ಬಲಗೈ ಉಗುರಿನಿಂದ ಕಡ್ಡಿ ಎಳೆಯಲು ನೋಡಿದಳು. ಜಾರಿತು. ಮತ್ತೆ ಎಳೆದಳು. "ಅದೇನೋ ಇಷ್ಟು ಬಿಗಿ? ಜಿಪುಣನ ಗಂಟು ಆಯ್ತಲ್ಲೋ ಇದು!"

"ಕೊಡಿಲ್ಲಿ." ಅವನು ಎಳೆದರೆ ಬೆಣ್ಣೆಯ ಹಾಗೆ ಬಂತು.

"ಓ, ಹಾಗಾ," ಎಂದು ಅವಳು ಮತ್ತೆ ಚಾಕು ತೆಗೆದುಕೊಂಡು ಎಳೆಯತೊಡಗಿದಳು. ಬೆಟ್ಟದ ಮೇಲೆ ಈ ಸಲ ಗಾಳಿ ಅಳೆಯುವ ಯಂತ್ರ ಹೊಸದಂತೆ, ಛಾವಣಿಗೆ ತಗಡು ಹಾಕಿಸುತ್ತಾರಂತೆ, ಹೀಗೆ ಮಾತು ಬೇರೆ. ಮಾತಿನ ನಡುವೆ ಟೇಬಲ್ಲಿನ ಬಿಳಿ ಬಟ್ಟೆಯ ಮೇಲೆ ಕೆಂಪು ಹನಿಯೊಂದು ಬಿತ್ತು, ಇನ್ನೊಂದು ಬಿತ್ತು. ಬಿಡಿಸಿದ ಅಲಗು ಅವಳ ತೋರುಬೆರಳನ್ನು ಗೆಣ್ಣಿನ ಬಳಿ ಸೀಳಿತ್ತು. ಅವಳು ತಗಡಿನ ವಿಷಯವನ್ನೇ ಹೇಳುತ್ತಿದ್ದಳು.

"ಅಕ್ಕಾ, ರಕ್ತ."

ಅವಳು ನೋಡಿದಳು. ನೋಡಿದ ಮೇಲೆ "ಹಾ!" ಎಂದಳು. ಅದು ತಡವಾಯಿತೆಂದು ಇಬ್ಬರಿಗೂ ಗೊತ್ತಾಯಿತು.

ಅವನು ಬೆರಳಿಗೆ ಬಟ್ಟೆಯ ಚೂರು ಸುತ್ತಿದ, ತುದಿಯನ್ನಷ್ಟೇ ಬಿಟ್ಟು. ಕೈಯನ್ನು ಬಿಡಲಿಲ್ಲ. "ಕಣ್ಮುಚ್ಚು."

"ಬಸ್ಸಿಗೆ ಹೊತ್ತಾಯ್ತು ಕಣೋ."

"ಮುಚ್ಚು ಅಂದ್ನಲ್ಲ."

ಅವನು ಚಿಮುಟ ತೆಗೆದುಕೊಂಡು ಹೆಬ್ಬೆರಳಿಗೆ ತಾಕಿಸಿದ. "ಗೊತ್ತಾಯ್ತಾ?"

"ಹೂಂ."

ಚಿಮುಟವನ್ನು ತೋರುಬೆರಳಿನಿಂದ ಒಂದಿಂಚು ಮೇಲೆ ಹಿಡಿದು ಕೂತ. ಅವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಕಲಿಸಿದ ಕೈ ಅದು. "ಈಗ?"

"ಗೊತ್ತಾಯ್ತು ಕಣೋ. ಅಷ್ಟು ಜೋರಾಗಿ ಯಾಕೆ ಚುಚ್ತೀಯ?"

ಅವನು ತಾಕಿಸದ ಚಿಮುಟವನ್ನು ಹಿಂದೆ ತೆಗೆದುಕೊಂಡ. ಒಲೆ ಹತ್ತದ ಆ ಎರಡು ದಿನದ ಚಳಿ ಬೆರಳಿಗೂ ಇಳಿದಿತ್ತು. ಅವಳ ಆಫೀಸಿಗೆ ಒಂದು ಮಾತು ಹೇಳಿದರೆ ಸಾಕು, ನಾಳೆಯೇ ಕೆಳಗೆ ಕುರ್ಚಿ ಹಾಕಿ ಕೂರಿಸುತ್ತಾರೆ. ಇಷ್ಟು ವರ್ಷ ಅವನು ಬೇಡಿಕೊಂಡದ್ದೂ ಅದನ್ನೇ. ಆದರೆ ಕಣ್ಮುಚ್ಚಿ ಕೂತವಳ ಮುಖದಲ್ಲಿ ಪರೀಕ್ಷೆ ಬರೆದ ಹುಡುಗಿಯ ಹೆದರಿಕೆಯಿತ್ತು. ಅವನಿಗೆ ಅದನ್ನು ನೋಡಲಾಗಲಿಲ್ಲ.

"ಸರಿ, ಕಣ್ಣು ಬಿಡು."

ಚಾಕುವನ್ನು ತಿರುಗಿಸಿ, ನುಣುಪಾಗಿ ಮೆರುಗು ಕೊಟ್ಟಿದ್ದ ಹಿಡಿಯ ಆಚೆ ಬದಿಗೆ ಅರ ಹಚ್ಚಿ ಉಜ್ಜತೊಡಗಿದ. ಕಡ್ಡಿಯ ತುದಿ ಕಾಣುವಂತೆ ಹೆಬ್ಬೆರಳು ಹಿಡಿಸುವಷ್ಟು ಹಳ್ಳ, ನೋಡಲು ವಿಕಾರ.

"ಅದ್ಯಾಕೋ ಆ ಕಡೆ ಕೆರೀತೀಯ?"

"ಎಡಗೈಗೂ ಸಿಗ್ಲಿ ಅಂತ."

ಅಕ್ಕ ಬಾಗಿಲ ಕಡೆ ನೋಡಿದಳು. ಆಮೇಲೆ ಹೆಗಲ ಚೀಲವನ್ನು ಇಳಿಸಿಟ್ಟು, ಸ್ಟೂಲು ಎಳೆದುಕೊಂಡು ಕೂತು, ಅರದ ಕೆಳಗೆ ಚಾಕು ಅಲುಗದ ಹಾಗೆ ಅದರ ಇನ್ನೊಂದು ತುದಿಯನ್ನು ಎಡಗೈಯಲ್ಲಿ ಒತ್ತಿ ಹಿಡಿದಳು.