ಒಂದು ಗುಟುಕು ನೀರು

ಮೇಣದ ವಾಸನೆ, ಲಿಲಿ ಹೂವಿನ ವಾಸನೆ, ಅದರಡಿಯಲ್ಲಿ ಜ್ವರದ ಮೈಯ ಹುಳಿ ವಾಸನೆ — ಅಲ್ಲ, ಇಷ್ಟು ದೂರಕ್ಕೆ ಅದು ಬರಲಾರದು, ಡೀಲಿಯಾ ಚಾಪೆಲಿನ ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ, ನೋರಾ ಹಿಂದೆ ದೊಡ್ಡ ಹುಡುಗಿಯರ ಬೆಂಚಿನಲ್ಲಿ, ನಡುವೆ ಬಿಳಿ ಮುಸುಕುಗಳು, ಒಂದೇ ಒಂದು ತೂಗಾಡುತ್ತಿದೆ, ತಂಗಿಯದು, ಏಳು ವರ್ಷದ ತಲೆಗೆ ಮುಸುಕೂ ಭಾರವಾಯಿತೇ. ಅಕ್ಕಾ, ಒಂದ್ ಗುಟುಕು ನೀರು ಕೊಡೇ, ಬೆಳಿಗ್ಗೆ ಮುಸುಕಿಗೆ ಪಿನ್ನು ಚುಚ್ಚುವಾಗ ಅಂಗಲಾಚಿದಳು, ಕೆನ್ನೆ ಕೆಂಡ; ಸುಮ್ನಿರೇ, ನೀರು ಕುಡಿದ್ರೂ ಉಪವಾಸ ಮುರೀತು, ಆಮೇಲೆ ನಿನ್ನ ಮೊದಲ ಪರಮಪ್ರಸಾದ ಮುಂದಿನ ವರ್ಷಕ್ಕೇ, ಅಮ್ಮ ಅಷ್ಟು ದೂರದ ಕಿಲ್ಕೀ ಊರಿಂದ ಕತ್ತೆಗಾಡೀಲಿ ಬಂದಿದಾಳೆ, ತನ್ನ ಮದುವೆ ಉಡುಪು ಕತ್ತರಿಸಿ ಈ ಫ್ರಾಕು ಹೊಲಿದಿದಾಳೆ, ತಡಕೋ. ತಡಕೊಂಡಳು, ಪಾಪ. ಅಜ್ಜಿಯ ಕಥೆಯಲ್ಲಾದರೆ ಬಾಯಾರಿದ ಮಗುವಿನ ಬಳಿಗೆ ಬಾವಿಯೇ ನಡೆದು ಬರುತ್ತಿತ್ತು, ಪಾಚಿಗಟ್ಟಿದ ಕಲ್ಲುಗಳನ್ನು ಲಂಗದ ಹಾಗೆ ಎತ್ತಿ ಹಿಡಿದು, ಇಲ್ಲಿ ಕಾನ್ವೆಂಟಿನ ಗೋಡೆ, ಗೋಡೆಯಾಚೆ ಗೋಡೆ, ಯಾವ ಬಾವಿ ಬಂದೀತು.

ಚಾಪೆಲಿಗೆ ಬರುವ ಮುಂಚೆ ಸಾಲಾಗಿ ನಿಲ್ಲಿಸಿ ಮದರ್ ಕೊಲಂಬಾ ಎಲ್ಲರ ನಾಲಿಗೆ ನೋಡುತ್ತಾ ಬಂದರು, ಯಾವ ಕಳ್ಳಿ ಅಡಿಗೆಮನೆಗೆ ನುಗ್ಗಿದ್ದಳೋ ಎಂದು, ಡೀಲಿಯಾಳೆದುರು ನಿಂತೇಬಿಟ್ಟರು — ಆಹಾ, ಏನ್ ಕೆಂಪು, ಜ್ಯಾಮಿನ ಜಾಡಿಗೆ ಮುಖ ಹಾಕಿದ್ಯೇನೇ ಮಹಾರಾಯ್ತಿ? ಹುಡುಗಿಯರು ಕಿಸಕ್ಕೆಂದರು. ಜ್ವರ, ಮದರ್, ಎದೆ ತುಂಬಾ ಗುಳ್ಳೆ — ಅಷ್ಟೂ ನೋರಾಳ ಗಂಟಲಿನವರೆಗೆ ಬಂದಿತ್ತು, ಹೊರಬಿದ್ದದ್ದು ಬೇರೆಯೇ: ಮಾತೆ ಮರಿಯಳಾಣೆ, ಒಂದ್ ತೊಟ್ಟು ನೀರೂ ಕುಡಿದಿಲ್ಲ ಮದರ್, ನಾನೇ ಕೊಟ್ಟಿಲ್ಲ. ಭೇಷ್, ಅಕ್ಕ ಅಂದ್ರೆ ಹಿಂಗಿರ್ಬೇಕು, ಎಂದು ಬೆನ್ನು ತಟ್ಟಿದರು, ಆ ಜಾಗ ಈಗಲೂ ಉರಿಯುತ್ತಿದೆ, ಏಕೆಂದರೆ ಚಳಿಗಾಲದಲ್ಲಿ ಜೊತೆಯ ಹುಡುಗಿ ರೋಸ್ ಕನೀನಳ ನಾಲಿಗೆಯೂ ಹೀಗೇ ಕೆಂಪಾಗಿತ್ತು, ಅವಳು ಹೋದಮೇಲೆ ಅವಳ ಹಾಸಿಗೆಯನ್ನು ಹಿತ್ತಲಲ್ಲಿ ಸುಟ್ಟರು, ನೋರಾಳಿಗೆ ಗೊತ್ತಿತ್ತು, ಪಿನ್ನು ಚುಚ್ಚುವಾಗಲೇ ಗೊತ್ತಿತ್ತು. ಈಗಲಾದರೂ ಎದ್ದು ಕೂಗಬೇಕು, ಆದರೆ ಚಾಪೆಲಿನಲ್ಲಿ ಕೂಗುವುದೆಂದರೆ, ಹಿಂದಿನ ಬೆಂಚಿನಲ್ಲಿ ಅಮ್ಮ ಮೂಗೊರೆಸಿಕೊಳ್ಳುತ್ತಿದ್ದಾಳೆ, ಹೆಮ್ಮೆಗೆ, ಇದೊಂದು ಗಳಿಗೆ ಕಳೆಯಲಿ, ಇದೊಂದೇ, ಆಮೇಲೆ ಎಷ್ಟು ಬೇಕಾದರೂ ನೀರು, ಚೊಂಬುಗಟ್ಟಲೆ ಕುಡಿ ಪುಟ್ಟಿ — ಗಂಟೆ ಮೊಳಗಿತು, ಪಾದ್ರಿಗಳು ಬಾಗಿದರು, ತೆಳ್ಳನೆ ಬಿಳಿ ರೊಟ್ಟಿ ಅವರ ಬೆರಳಿನಿಂದ ಡೀಲಿಯಾಳ ನಾಲಿಗೆಗೆ ಇಳಿಯಿತು, ಪಕ್ಕದವಳಿಗೆ ಹೋದರು, ಅದರಾಚೆಯವಳಿಗೆ, ಡೀಲಿಯಾ ಏಳಲಿಲ್ಲ, ತಿರುಗಿದಳು, ತಿರುಗಬಾರದು ಪುಟ್ಟಿ, ದೇವರಿಗೆ ಬೆನ್ನು ಮಾಡಬಾರದು, ಅಕ್ಕನನ್ನು ಹುಡುಕುತ್ತಿದ್ದಾಳೆ, ಬಾಯಿ ತೆರೆದೇ ಇದೆ, ನುಂಗಲು ಉಗುಳೇ ಇಲ್ಲ, ಕೆಂಪು ನಾಲಿಗೆ, ಅದಕ್ಕಂಟಿದ ಬಿಳಿ ಬಿಲ್ಲೆ, ಕೆಂಪಿನ ಮೇಲೆ ಬಿಳಿ, ಕರಗುತ್ತಿಲ್ಲ, ಕೆಂಪಿನ ಮೇಲೆ ಬಿಳಿ, ಕರಗುತ್ತಿಲ್ಲ —