ಮೂರು ಸಾವಿರ ಫೀಕಾದ ಕಪ್ಪು

ಸಿಕ್ಸ್‌ಟನ್ ಬೆಳಿಗ್ಗೆ ಎಂಟಕ್ಕೆ ಮೊದಲೇ ಕಚೇರಿಗೆ ಬಂದು ಗೋಡೆಯ ಮೇಲಿನ ಗೀಟುಗಳನ್ನು ಎರಡು ಸಲ ಎಣಿಸಿದ. ಎರಡು ಸಲವೂ ಎರಡು ಸಾವಿರದ ಒಂಬೈನೂರ ಎಪ್ಪತ್ತೇಳೇ ಬಂತು. ಮೂರು ಸಾವಿರಕ್ಕೆ ಇನ್ನೂ ಇಪ್ಪತ್ಮೂರು ಬೇಕು. ಮಧ್ಯಾಹ್ನ ಮೂರಕ್ಕೆ ಪರೀಕ್ಷಕಿ ಹಿಲ್ಲೆವಿ ಬರುವವಳಿದ್ದಳು. ಮೇಜಿನ ಮೇಲಿದ್ದ ಮಣ್ಣಿನ ಕಾಫಿ ಕಪ್ಪಿನ ಹೊಟ್ಟೆಯ ಮೇಲಿನ ಬಿರುಕು ನಿನ್ನೆಗಿಂತ ಒಂದು ಬೆರಳು ಉದ್ದವಾಗಿತ್ತು.

ವಸ್ತುಗಳ ಹುಟ್ಟು ಸಾವಿನ ಲೆಕ್ಕ ಬರೆಯುವುದು ಗೋಥೆನ್‌ಬರ್ಗಿನ ಆ ಸಣ್ಣ ಕಚೇರಿಯ ಕಸುಬು. ಮಣ್ಣು ಅಗೆದಲ್ಲಿಂದ ಹಿಡಿದು ತಿಪ್ಪೆ ಸೇರುವತನಕ ಒಂದು ವಸ್ತು ಭೂಮಿಗೆ ಎಷ್ಟು ಹೊರೆ ಎಂದು ಅಲ್ಲಿ ಅಳೆಯುತ್ತಾರೆ. ಆರೂವರೆ ವರ್ಷದ ಹಿಂದೆ ಸಿಕ್ಸ್‌ಟನ್, ತನ್ನ ಅಕ್ಕ ಗುನ್ವೋರ್ ಸುಡುವ ಮಣ್ಣಿನ ಕಪ್ಪಿನ ಲೆಕ್ಕ ಬರೆದಿದ್ದ. ಅಕ್ಕನದೆಂದು ಗೊತ್ತಿದ್ದೂ ಆ ಕೆಲಸವನ್ನು ಅವನಿಗೇ ಕೊಟ್ಟಿದ್ದರು. ಸುಳ್ಳು ಹೇಳುವುದು ಅವನಿಗೆ ಬರುವುದಿಲ್ಲ ಎಂಬ ಧೈರ್ಯ. ಮೂರು ಸಾವಿರ ಸಲ ಬಾಳಿದರೆ ಈ ಕಪ್ಪು ಭೂಮಿಗೆ ಕಾಗದದ ಕಪ್ಪಿಗಿಂತ ಹಗುರ, ಅದಕ್ಕೆ ಒಂದು ಕಡಿಮೆಯಾದರೂ ಕಾಗದದ್ದೇ ಮೇಲು ಎಂದು ಅವನು ಬರೆದ. ಒಂದು ಕಪ್ಪನ್ನು ಸಲಕ್ಕೊಂದು ಗೀಟಿನಂತೆ ಅಷ್ಟು ಸಲ ಬಳಸಿ ತೋರಿಸಲು ಕೊಟ್ಟ ಗಡುವು ಈ ದಿನ ಮುಗಿಯುತ್ತಿತ್ತು. ಆ ಮಾತನ್ನು ನಂಬಿ ಊರಿನ ವೃದ್ಧಾಶ್ರಮಗಳೆಲ್ಲ ಗುನ್ವೋರಳ ಕಪ್ಪನ್ನೇ ಕೊಳ್ಳುತ್ತಿದ್ದವು. ಮಾತು ಸುಳ್ಳಾದರೆ ನಾಳೆಯಿಂದ ಅಲ್ಲೆಲ್ಲ ಕಾಗದ. ಅಕ್ಕನ ಆವಿಗೆ ತಣ್ಣಗಾಗುತ್ತದೆ.

"ಇವತ್ತೊಂದಿನ ಗಟಗಟ ಕುಡಿದು ತೊಳೆದಿಟ್ರಾಯ್ತಪ್ಪ, ಅದಕ್ಯಾಕೆ ಇಷ್ಟು ಮುಖ ಸಣ್ಣ ಮಾಡ್ಕೊಂಡಿದ್ದೀಯ?" ಎಂದಳು ಅವನ ಜೊತೆ ಕೆಲಸ ಮಾಡುವ ಟೋರಾ.

"ಆಗಲ್ಲ. ನನ್ನ ಲೆಕ್ಕದ ನಲವತ್ತನೇ ಪುಟ ಮತ್ತೆ ನೋಡು."

ಟೋರಾ ಗಟ್ಟಿಯಾಗಿ ಓದಿದಳು. ಒಂದು ಬಳಕೆಯೆಂದರೆ ಒಂದು ಫೀಕಾ, ಅಂದರೆ ಕಾಫಿಗೆ ಕೂರುವ ಒಂದು ಹೊತ್ತು. ಇಬ್ಬರಾದರೂ ಕೂತಿರಬೇಕು. ದಾಲ್ಚಿನ್ನಿ ಬನ್ನು ಇರಬೇಕು. ಹದಿನೈದು ನಿಮಿಷಕ್ಕೆ ಕಡಿಮೆಯಾಗಬಾರದು. ಕೊನೆಯ ಗುಟುಕಿನತನಕ ಕುಡಿದು, ಬಿಸಿನೀರಿನಲ್ಲಿ ತೊಳೆಯಬೇಕು.

"ಅಯ್ಯೋ ಪುಣ್ಯಾತ್ಮ! ಇದನ್ನೆಲ್ಲ ಯಾಕೆ ಬರೆಯೋಕೆ ಹೋದೆ?"

"ಒಬ್ಬನೇ ನಿಂತ್ಕೊಂಡು ಕುಡಿದಿದ್ದನ್ನ ಯಾರಾದ್ರೂ ಫೀಕಾ ಅಂತಾರಾ?"

ಟೋರಾ ಪುಟ ಮುಚ್ಚಿ ಕಾಫಿಗೆ ನೀರಿಟ್ಟಳು.

ಮೇಜಿನ ಸುತ್ತ ನೆಲದ ಮೇಲೆ ಹಳದಿ ಪಟ್ಟಿ ಅಂಟಿಸಿತ್ತು. ಅದು ಲೆಕ್ಕದ ಎಲ್ಲೆ. ಒಳಗಿರುವುದೆಲ್ಲ ಕಪ್ಪಿನ ಬಾಳಿಗೆ ಸೇರಿದ್ದು, ಹೊರಗಿರುವುದಕ್ಕೆ ಯಾರೂ ಹೊಣೆಯಲ್ಲ. ಹಾಗಾಗಿ ಬನ್ನಿನ ತಟ್ಟೆಯನ್ನು ಪಟ್ಟಿಯಾಚೆ ಸ್ಟೂಲಿನ ಮೇಲಿಟ್ಟು, ಆರೂವರೆ ವರ್ಷದಿಂದ ಕೈ ಚಾಚಿ ತಿನ್ನುತ್ತಿದ್ದರು. ಇಬ್ಬರಿಗೂ ಬಲಗೈ ತುಸು ಉದ್ದವಾದಂತಿತ್ತು.

ತೊಳೆಯುವುದೂ ಸೇರಿ ಫೀಕಾಕ್ಕೆ ಹದಿನೆಂಟು ನಿಮಿಷ. ಎಂಟಕ್ಕೆ ಕೂತರೆ ಮೂರಕ್ಕೆ ಆರು ನಿಮಿಷ ಮೊದಲು ಮುಗಿಯಬೇಕು. ಸರದಿಯ ಮೇಲೆ ಒಬ್ಬರು ಕುಡಿಯುವುದು, ಇನ್ನೊಬ್ಬರು ಎದುರಿಗೆ ಕೂರುವುದು. ಆರನೆಯ ಫೀಕಾಕ್ಕೆ ಹವೆಯ ಮಾತು ತೀರಿತು. ಒಂಬತ್ತನೆಯದಕ್ಕೆ ಟೋರಾಳ ಬೇಸಿಗೆಮನೆಯ ಗೋಡೆಬಣ್ಣದ್ದು, ಹದಿಮೂರನೆಯದಕ್ಕೆ ಅವಳ ಹಳೆಯ ಗಂಡನದು. ಸಿಕ್ಸ್‌ಟನ್ ಅಜ್ಜಿ ಕಲಿಸಿದ ಕೀರ್ತನೆಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. ಬೆಳಿಗ್ಗೆ ಕಪ್ಪಿಗೊಂದು ಚರಣ ಬರುತ್ತಿತ್ತು. ಕಾಫಿ ಏರಿದಂತೆ ಗುಟುಕಿಗೊಂದು ಬರತೊಡಗಿತು, ದೇವರಿಗೂ ಉಸಿರು ಕಟ್ಟುವಂತೆ.

"ನಾನೊಂದು ನಿಮಿಷ ಹೋಗ್ಬರ್ತೀನಿ," ಎಂದು ಟೋರಾ ಎದ್ದಳು. ಅದು ನಾಲ್ಕನೆಯ ಸಲ.

"ಮತ್ತೆ ಗಡಿಯಾರ ನಿಲ್ಲಿಸ್ಬೇಕಲ್ಲೇ! ನಾನೊಬ್ಬನೇ ಕೂತ್ರೆ ಫೀಕಾ ಆಗಲ್ಲ."

"ನಲವತ್ತನೇ ಪುಟದಲ್ಲಿ ನನ್ನ ಹೊಟ್ಟೆ ವಿಷಯಾನೂ ಬರೀಬೇಕಿತ್ತು ನೀನು!"

ಹೀಗೆ ಹೊತ್ತು ಜಾರಿತು. ಮೂರು ಹೊಡೆಯುವಾಗ ಸಿಕ್ಸ್‌ಟನ್ ಎರಡು ಸಾವಿರದ ಒಂಬೈನೂರ ತೊಂಬತ್ತೊಂಬತ್ತನೆಯ ಗೀಟು ಎಳೆಯುತ್ತಿದ್ದ. ಬಾಗಿಲಲ್ಲಿ ಹಿಲ್ಲೆವಿ ನಿಂತಿದ್ದಳು. ಗೋಡೆಯ ಮುಂದೆ ನಿಂತು ಎಲ್ಲ ಗೀಟುಗಳನ್ನೂ ಎಣಿಸಿದಳು. ಇವರಿಬ್ಬರೂ ಉಗುಳು ನುಂಗಿದರು, ಅದೂ ಕಾಫಿಯಂತೆಯೇ ಇತ್ತು.

"ಒಂದು ಕಡಿಮೆ ಇದೆ," ಎಂದಳು.

"ಹೌದು," ಎಂದ ಸಿಕ್ಸ್‌ಟನ್.

"ಬನ್ನಿದೆಯಾ?"

"ಅರ್ಧ ಇದೆ."

"ದಿನ ಇನ್ನೂ ಮುಗಿದಿಲ್ಲ. ಸುರಿ ಮತ್ತೆ."

ಹಿಲ್ಲೆವಿ ಎಲ್ಲೆಯೊಳಗೆ ಕಾಲಿಟ್ಟು, ಸಿಕ್ಸ್‌ಟನ್‌ನ ಎದುರು ಕೂತು, ಬನ್ನಿಗೆ ಕೈ ಚಾಚಿ, ನಿಧಾನವಾಗಿ ಕುಡಿದಳು. ಹದಿನಾಲ್ಕು ನಿಮಿಷ ಕಳೆಯಿತು. ಕಪ್ಪು ಟಿಕ್ಕೆಂದು ಒಡೆಯಿತು. ಹಿಡಿಯ ಕಡೆಯ ಅರ್ಧ ಅವಳ ಕೈಯಲ್ಲೇ ಉಳಿಯಿತು. ತಳದ ಒಡಕು ಬೋಕಿ ಒಂದೇ ಒಂದು ಗುಟುಕು ಹಿಡಿದುಕೊಂಡು ಮೇಜಿನ ಮೇಲೆ ಕೂತಿತು. ಒಂದು ಚೂರು ನೆಲಕ್ಕೆ ಬಿದ್ದು ಜಾರಿ ಹಳದಿ ಪಟ್ಟಿಗೆ ತಾಗುವಂತೆ ನಿಂತಿತು.

"ಅಂಟು ಹಾಕೋಣ್ವಾ?" ಎಂದು ಟೋರಾ ಪಿಸುಗುಟ್ಟಿದಳು.

"ಅಂಟಿನ ಹೊರೆ ಲೆಕ್ಕದಲ್ಲಿಲ್ಲ," ಎಂದ ಸಿಕ್ಸ್‌ಟನ್. ಅವನ ಕಣ್ಣ ಮುಂದೆ ಅಕ್ಕನ ಬೂದಿ ಮೆತ್ತಿದ ಕೈ ಬಂತು. ಸುಮ್ಮನಿದ್ದುಬಿಡಬಹುದಿತ್ತು. "ಕೊನೇ ಗುಟುಕು ಆಗಲಿಲ್ಲ, ಹಿಲ್ಲೆವಿ. ಒಂದು ಕಡಿಮೆ ಅಂತಲೇ ಬರ್ಕೊ."

ಹಿಲ್ಲೆವಿ ಅವನ ಮುಖ ನೋಡಿದಳು. ಆಮೇಲೆ ಬಗ್ಗಿ ನೆಲದ ಚೂರನ್ನು ನೋಡಿದಳು.

"ಕಪ್ಪು ಕಸ ಆಗೋದು ಯಾವಾಗ ಅಂತ ಬರೆದಿದ್ದೀಯ?"

"ಎಲ್ಲೆ ದಾಟಿದಾಗ. ನಲವತ್ತೊಂದನೇ ಪುಟ."

"ದಾಟಿದೆಯಾ?"

ಸಿಕ್ಸ್‌ಟನ್ ಮಂಡಿಯೂರಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿ ನೋಡಿದ. "ದಾಟಿಲ್ಲ."

"ಹಾಗಾದ್ರೆ ಇದು ಕಸ ಅಲ್ಲ, ಇನ್ನೂ ಕಪ್ಪೇ. ಏಳು ಮೇಲೆ, ಕಾಫಿ ಆರ್ತಾ ಇದೆ."

ಹದಿನೈದು ನಿಮಿಷ ತುಂಬುವತನಕ ಮೂವರೂ ಕಾದರು. ಆಮೇಲೆ ಅವಳು ಬೋಕಿಯನ್ನು ತೀರ್ಥದಂತೆ ಎರಡೂ ಕೈಯಲ್ಲಿ ಎತ್ತಿ, ತುಟಿ ಕೊಯ್ಯದಂತೆ ಓರೆಮಾಡಿ ಕೊನೆಯ ಗುಟುಕು ಕುಡಿದಳು. ಬಿಸಿನೀರಿನಲ್ಲಿ ತೊಳೆದದ್ದೂ ಅವಳೇ. ಗೀಟು ಎಳೆದು ಸಹಿ ಹಾಕಿದಳು.

ಮರುದಿನ ಬೆಳಿಗ್ಗೆ ಗುನ್ವೋರ್ ಫೋನ್ ಮಾಡಿದಳು. "ನನ್ನ ಕಪ್ಪು ಹೇಗಿದೆಯೋ?"

ಸಿಕ್ಸ್‌ಟನ್ ತಿರುಗಿ ನೋಡಿದ. ಹಳದಿ ಪಟ್ಟಿಯೊಳಗೆ ಟೋರಾ ಆ ಬೋಕಿಗೆ ಒಂದು ಗುಟುಕು ಕಾಫಿ ಸುರಿದು, ಎದುರಿನ ಕುರ್ಚಿಯನ್ನು ಕಾಲಿನಿಂದ ಅವನತ್ತ ತಳ್ಳುತ್ತಿದ್ದಳು.

"ಕೆಲಸದ ಮೇಲಿದೆ, ಅಕ್ಕ," ಎಂದ. "ನೀನು ಆವಿಗೆಗೆ ಬೆಂಕಿ ಹಾಕು."